ದ್ರೋಣರು ತೆಗೆದುಕೊಟ್ಟ ಚೆಂಡು

ಮಹಾಭಾರತದ ಕಥೆಯನ್ನು ಹಿರಿಯರ ಬಾಯಿಂದ ಕೇಳಿ ಬೆಳೆದವರು ದ್ರೋಣಾಚಾರ್ಯರು ಹಸ್ತಿನಾವತಿಗೆ ಬಂದ ಪ್ರಸಂಗವನ್ನು ಮರೆತಿರಲಾರರು. ಅರಸುಮಕ್ಕಳು ಆಡುತ್ತಿದ್ದ ಚೆಂಡು ಬಾವಿಗೆ ಬೀಳುತ್ತದೆ. ಮಕ್ಕಳು ದಿಕ್ಕುತೋಚದೆ ಬಾವಿಕಟ್ಟೆಯ ಸುತ್ತ ನಿಂತಿದ್ದಾರೆ. ಎಲ್ಲಿಂದಲೋ ಬಂದ ಬಡ ಬ್ರಾಹ್ಮಣನೊಬ್ಬ ಒಂದರ ಬೆನ್ನಿಗೆ ಒಂದನ್ನು ನಾಟಿಸಿ, ಬಾವಿಯ ತಳದಿಂದ ಚೆಂಡನ್ನು ಮೇಲಕ್ಕೆತ್ತಿ ಕೊಡುತ್ತಾನೆ. ಆ ಗಳಿಗೆಯಲ್ಲೇ ಮಕ್ಕಳು ಆತನ ವಶರಾದರು. ಭೀಷ್ಮರ ಅಪ್ಪಣೆ ಬಂದದ್ದು ಆಮೇಲೆ. ಮಕ್ಕಳ ಮನಸ್ಸನ್ನು ಗೆಲ್ಲಲು ಶಾಸ್ತ್ರ ಬೇಕಿಲ್ಲ, ಬಾವಿಗೆ ಬಿದ್ದ ಚೆಂಡನ್ನು ತೆಗೆದುಕೊಟ್ಟರೆ ಸಾಕು ಎಂಬುದನ್ನು ವ್ಯಾಸರು ಎಷ್ಟು ಚೆನ್ನಾಗಿ ಬಲ್ಲರು!

ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ವಿದ್ಯೆ ಮುಗಿದ ದಿನ ಗುರುಗಳು ದಕ್ಷಿಣೆ ಕೇಳಿದರು: ದ್ರುಪದನನ್ನು ಕಟ್ಟಿ ತನ್ನಿ. ಚೆಂಡನ್ನು ಎತ್ತಿಕೊಟ್ಟ ಕೈಯಲ್ಲಿ ಒಂದು ಹಳೆಯ ಹಗೆಯೂ ಇತ್ತೆಂಬುದು ಮಕ್ಕಳಿಗೆ ತಿಳಿದದ್ದು ಆಗ. ಚೆಂಡೂ ಸಿಗದ, ಪಾಠವೂ ಸಿಗದ ಬೇಡರ ಹುಡುಗನೊಬ್ಬನಿದ್ದ. ಅವನಿಂದ ಕೇಳಿದ ದಕ್ಷಿಣೆ ಹೆಬ್ಬೆರಳು. ಚೆಂಡು ಕೊಡುವ ಗುರುವನ್ನು ಕಂಡಾಗಲೆಲ್ಲ ನಾವು ಕೇಳಬೇಕಾದ ಪ್ರಶ್ನೆಗಳು ಈ ಕಥೆಯಲ್ಲಿಯೇ ಎರಡು ಸಿಗುತ್ತವೆ. ದಕ್ಷಿಣೆ ಏನು? ಚೆಂಡು ಸಿಗದೆ ಹೊರಗೆ ನಿಂತ ಹುಡುಗ ಯಾರು?

ಈ ಪ್ರಶ್ನೆಗಳು ಇಂದು ನೆನಪಾಗಲು ಕಾರಣವಿದೆ. ಬೆಂಗಳೂರಿನ ಪಡುವಣ ಭಾಗದಲ್ಲಿ, ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಅಚ್ಚುಕಟ್ಟಾದ ಅಡ್ಡರಸ್ತೆಗಳ ಬೆನ್ನಿಗೇ, ಮಾಗಡಿ ರಸ್ತೆಯ ಅಂಚಿನಲ್ಲಿ, ವೃಷಭಾವತಿಯ ಕರಿಯ ನೀರು ಕೆಂಗೇರಿಯ ಕಡೆಗೆ ಹರಿಯುವ ದಾರಿಯಲ್ಲಿ, ತಗಡಿನ ಸೂರಿನ ಓಣಿಗಳಿವೆ. ಇಂಥ ಓಣಿಗಳ ಮಕ್ಕಳನ್ನು ಕಾಲ್ಚೆಂಡಾಟದ ಮೂಲಕ ಕೂಡಿಸಿ, ಶಿಸ್ತು ಕಲಿಸಿ, ಶಾಲೆ ಬಿಡದಂತೆ ನೋಡಿಕೊಳ್ಳುವ ಕೆಲಸವನ್ನು ಕ್ರೈಸ್ತ ಸೇವಾವಲಯದವರು ದೇಶದ ಅನೇಕ ಕಡೆ ಮಾಡಿಕೊಂಡು ಬಂದಿದ್ದಾರೆ. ಇದನ್ನು ಕೆಲವರು ಪುಣ್ಯಕಾರ್ಯವೆಂದು ಕೊಂಡಾಡುತ್ತಾರೆ. ಕೆಲವರು ಗಾಳದ ತುದಿಯ ಎರೆಹುಳುವೆಂದು ಹಳಿಯುತ್ತಾರೆ. ಹೊಗಳಿಕೆಯೂ ಹಳಿವೂ ಸುಲಭ. ಈ ಕೆಲಸವನ್ನು ಮಾಡಿದವರೇ ಬರೆದಿಟ್ಟದ್ದನ್ನೂ, ನಮ್ಮ ಕಾದಂಬರಿಕಾರರು ಅದನ್ನು ಕಂಡ ಬಗೆಯನ್ನೂ ಒಟ್ಟಿಗಿಟ್ಟು ಓದಿದರೆ ಇನ್ನೂ ಸ್ವಲ್ಪ ದೂರ ಕಾಣಬಹುದು ಎಂಬುದು ಈ ಲೇಖನದ ನಂಬಿಕೆ.

ಮೊದಲು ಸೆಸಿಲ್ ಟಿಂಡೇಲ್-ಬಿಸ್ಕೋ ಎಂಬ ಪಾದ್ರಿಯ ‘ಕಾಶ್ಮೀರ್ ಇನ್ ಸನ್‌ಲೈಟ್ ಅಂಡ್ ಶೇಡ್’ ಎಂಬ ಗ್ರಂಥ. ಪ್ರಕಟವಾದದ್ದು 1922ರಲ್ಲಿ. ಲೇಖಕರು ಕೇಂಬ್ರಿಜ್‌ನಲ್ಲಿ ದೋಣಿಪಂದ್ಯದ ಚುಕ್ಕಾಣಿ ಹಿಡಿದವರು. 1890ರಲ್ಲಿ ಶ್ರೀನಗರದ ಮಿಷನ್ ಶಾಲೆಗೆ ಬಂದು, 1947ರವರೆಗೂ ಅಲ್ಲಿಯೇ ದುಡಿದವರು. 1891ರಲ್ಲಿ ಅವರು ಶ್ರೀನಗರಕ್ಕೆ ಒಂದು ತೊಗಲಿನ ಚೆಂಡನ್ನು ತಂದರು. ಶಾಲೆಯ ಹುಡುಗರಲ್ಲಿ ಹೆಚ್ಚಿನವರು ಪಂಡಿತರ ಮನೆಯವರು. ಉದ್ದನೆಯ ನಿಲುವಂಗಿ, ಅದರೊಳಗೆ ಬೆಂಕಿಯ ಕುಡಿಕೆ. ಚೆಂಡು ಯಾವ ಚರ್ಮದ್ದೆಂದು ಕೇಳಿ ತಿಳಿದ ಕೂಡಲೆ ಮುಟ್ಟಲಾರೆವೆಂದರು. ಪಾದ್ರಿಗಳು ಬಿಡಲಿಲ್ಲ. ಉಪಾಧ್ಯಾಯರ ಕೈಗೆ ಬೆತ್ತ ಕೊಟ್ಟು, ಹುಡುಗರನ್ನು ಮಂದೆಯಂತೆ ಮೈದಾನಕ್ಕೆ ಅಟ್ಟಿಸಿಕೊಂಡು ಹೋಗಿ, ಎರಡು ಸಾಲಾಗಿ ನಿಲ್ಲಿಸಿ, ಒದೆಯಿರಿ ಎಂದರು. ಬೆತ್ತದ ಭಯಕ್ಕೆ ಆಟ ಆರಂಭವಾಯಿತು. ನಡುವೆ ಒಬ್ಬ ಹುಡುಗನ ಮುಖಕ್ಕೇ ಚೆಂಡು ಬಡಿಯಿತು. ಅವನು ಮೈಲಿಗೆಯಾಯಿತೆಂದು ಅತ್ತ. ಅವನನ್ನು ಕಾಲುವೆಗೆ ಕರೆದೊಯ್ದು ಮುಖ ತೊಳೆಸಿ ಕರೆತಂದರು. ಆಟ ಮುಂದುವರಿಯಿತು.

ಈ ಪ್ರಸಂಗವನ್ನು ಬಿಸ್ಕೋ ಬಲು ಲವಲವಿಕೆಯಿಂದ ಹೇಳುತ್ತಾರೆ. ಅವರ ಬರವಣಿಗೆಯ ದೊಡ್ಡ ಗುಣ ಮುಚ್ಚುಮರೆಯಿಲ್ಲದಿರುವುದು; ಬೆತ್ತವನ್ನೂ ಅವರು ಬಚ್ಚಿಡುವುದಿಲ್ಲ. ಸೇವೆಯ ವರದಿಗಳಲ್ಲಿ ಇಂಥ ಪ್ರಾಮಾಣಿಕತೆ ಅಪರೂಪ. ಆದರೆ ದೊಡ್ಡ ದೋಷವೂ ಅಲ್ಲಿಯೇ ಇದೆ. ಅಳುತ್ತಿದ್ದ ಆ ಹುಡುಗನ ಮನಸ್ಸಿನೊಳಕ್ಕೆ ಲೇಖಕರು ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಓದುಗನಾದ ನನಗೆ ತಿಳಿಯಬೇಕಾಗಿದ್ದುದು ಆ ಸಂಜೆ ಅವನು ಮನೆಯ ಹೊಸ್ತಿಲಲ್ಲಿ ನಿಂತಾಗ ತಾಯಿ ಏನೆಂದಳು ಎಂಬುದು. ಬಿಸ್ಕೋ ಅವರಿಗೆ ತಾಯಿ ಬೇಡ. ಅವರಿಗೆ ಗೆಲುವು ಬೇಕು. ಹುಡುಗನ ನಗುವೂ ಅಳುವೂ ಅವರ ಕಥೆಯಲ್ಲಿ ಹಾಸ್ಯದ ಸಾಮಗ್ರಿ. ಒಂದು ಜನದ ಮೈಲಿಗೆಯ ಭಾವನೆ ತಪ್ಪೆಂದು ಒಪ್ಪಿದರೂ, ಅದನ್ನು ಹೊತ್ತ ಮಗು ಹಾಸ್ಯಾಸ್ಪದವಾಗಬೇಕಿಲ್ಲ.

ಇಷ್ಟು ಹೇಳಿ ಪುಸ್ತಕವನ್ನು ಮುಚ್ಚಿದರೆ ಅನ್ಯಾಯವಾದೀತು. ಬಿಸ್ಕೋ ಬಯಸಿದ್ದು ಜ್ಞಾನಸ್ನಾನದ ಲೆಕ್ಕವನ್ನಲ್ಲ. ಅವರ ಶಾಲೆಯಲ್ಲಿ ಮತಾಂತರವಾದವರು ಬೆರಳೆಣಿಕೆಯಷ್ಟು ಮಂದಿ. ಅದಕ್ಕಾಗಿ ಅವರನ್ನು ಕಳಿಸಿದ ಸಂಸ್ಥೆಯವರಿಗೆ ಅಸಮಾಧಾನವೂ ಇತ್ತು. ಎಲ್ಲದರಲ್ಲೂ ಮನುಷ್ಯರಾಗಿರಿ ಎಂಬರ್ಥದ ಮಾತೇ ಶಾಲೆಯ ಧ್ಯೇಯವಾಕ್ಯ. ಚೆಂಡು ಮುಟ್ಟಲಾರೆವೆಂದ ಹುಡುಗರ ತಮ್ಮಂದಿರೇ ಮುಂದೆ ಪ್ರವಾಹ ಬಂದಾಗ ದೋಣಿ ಹತ್ತಿ ಮುಳುಗುವವರನ್ನು ಎತ್ತಿದರು. ಬೆಂಕಿ ಬಿದ್ದ ಮನೆಗಳಿಗೆ ನೀರು ಹೊತ್ತರು. ಆಸ್ಪತ್ರೆಯ ರೋಗಿಗಳನ್ನು ದೋಣಿಯಲ್ಲಿ ಕೂರಿಸಿ ಸರೋವರದ ಗಾಳಿಗೆ ಕರೆದೊಯ್ದರು. ಜಾತಿ ಕೇಳದೆ ಕೈ ನೀಡುವುದನ್ನು ಅವರಿಗೆ ಕಲಿಸಿದ್ದರಲ್ಲಿ ಆ ತೊಗಲ ಚೆಂಡಿಗೂ ಪಾಲಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಇಲ್ಲಿ ಕಾರಂತರ ‘ಚೋಮನ ದುಡಿ’ಯನ್ನು ಪಕ್ಕಕ್ಕಿಟ್ಟು ನೋಡೋಣ. 1933ರ ಈ ಕಾದಂಬರಿಯಲ್ಲಿ ಚೋಮನ ಮಗ ನೀಲ ಹೊಳೆಯಲ್ಲಿ ಮುಳುಗುತ್ತಾನೆ. ದಡದಲ್ಲಿ ಜನರಿದ್ದಾರೆ. ಆದರೆ ಅಸ್ಪೃಶ್ಯರ ಹುಡುಗನನ್ನು ಮುಟ್ಟಿ ಎತ್ತುವ ಕೈ ಇಲ್ಲ. ಕಾಶ್ಮೀರದ ಕಾಲುವೆಯ ದಡದಲ್ಲಿ ಮೈಲಿಗೆಯೆಂದು ಅತ್ತ ಹುಡುಗನೂ, ನಮ್ಮ ಹೊಳೆಯಲ್ಲಿ ಮೈಲಿಗೆಗಾಗಿ ಸತ್ತ ಹುಡುಗನೂ ಒಂದೇ ಸಂಗತಿಯ ಎರಡು ಮುಖಗಳು. ಬಿಸ್ಕೋ ಅವರ ಬೆತ್ತವನ್ನು ಖಂಡಿಸುವ ಹಕ್ಕು ನಮಗಿದೆ. ಆದರೆ ನೀಲ ಮುಳುಗಿದ ಹೊಳೆಯ ದಡದಲ್ಲಿ ನಿಂತವರು ನಮ್ಮವರೇ ಎಂಬುದನ್ನು ಮರೆತು ಖಂಡಿಸುವ ಹಕ್ಕಿಲ್ಲ.

ಇದೇ ಕಾದಂಬರಿ ದಕ್ಷಿಣೆಯ ಪ್ರಶ್ನೆಯನ್ನೂ ಎತ್ತುತ್ತದೆ. ಚೋಮನಿಗೆ ಬೇಕಾದದ್ದು ಬೇಸಾಯಕ್ಕೆ ಒಂದು ತುಂಡು ಭೂಮಿ. ಧಣಿಗಳಿಂದ ಅದು ಸಿಗುವುದಿಲ್ಲ. ಕಿಲಸ್ತಾನರಾದರೆ ಸಿಕ್ಕೀತೆಂಬ ಆಸೆ ಹುಟ್ಟುತ್ತದೆ. ಅವನು ಇಗರ್ಜಿಯ ದಾರಿ ಹಿಡಿಯುತ್ತಾನೆ. ತಾನು ನಂಬಿದ ಪಂಜುರ್ಳಿಯ ನೆನಪು ಅವನನ್ನು ತಡೆದು ಹಿಂದಕ್ಕೆ ಕರೆತರುತ್ತದೆ. ಭೂಮಿಯೂ ಇಲ್ಲ, ಮಕ್ಕಳೂ ಕೈತಪ್ಪಿದರು; ಉಳಿದದ್ದು ದುಡಿ. ಕಾರಂತರು ಪಾದ್ರಿಯನ್ನು ರಾಕ್ಷಸನನ್ನಾಗಿ ಮಾಡಿಲ್ಲ, ದೇವದೂತನನ್ನಾಗಿಯೂ ಮಾಡಿಲ್ಲ. ಹೊಟ್ಟೆಯ ಹಸಿವನ್ನೂ ದೈವದ ನಂಟನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವಂತೆ ಮನುಷ್ಯನನ್ನು ಬಲವಂತಪಡಿಸುವುದೇ ಕ್ರೌರ್ಯ ಎಂದು ತೋರಿಸಿದರು. ಆ ತಕ್ಕಡಿಯನ್ನು ಅವನ ಕೈಗೆ ಕೊಟ್ಟವರು ಯಾರು? ಭೂಮಿ ಕೊಡದ ಧಣಿಯೋ, ಭೂಮಿಯ ಆಸೆಯಿದ್ದ ಇಗರ್ಜಿಯೋ? ಇಬ್ಬರೂ ಒಂದೊಂದು ತಟ್ಟೆಯನ್ನು ಹಿಡಿದಿದ್ದಾರೆ.

ಚೋಮ ವಯಸ್ಕ, ಹೋಗಿಯೂ ಹಿಂದಿರುಗಬಲ್ಲ. ಹತ್ತು ವರ್ಷದ ಹುಡುಗನಿಗೆ ಆ ಶಕ್ತಿ ಎಲ್ಲಿಯದು? ಅವನಿಗೆ ಚೆಂಡು ಬೇಕು, ಅಷ್ಟೆ. ಚೆಂಡಿನೊಂದಿಗೆ ಬಂದದ್ದೆಲ್ಲವನ್ನೂ ಅವನು ಒಪ್ಪಿಕೊಳ್ಳುತ್ತಾನೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಈ ಆಕರ್ಷಣೆಯನ್ನು ನಗುನಗುತ್ತಲೇ ಚಿತ್ರಿಸುತ್ತದೆ. ಪಾದ್ರಿ ಜೀವರತ್ನಯ್ಯನ ಬೈಸಿಕಲ್ಲು ಮಲೆನಾಡಿನವರ ಬಾಯಲ್ಲಿ ‘ಬೀಸೆಕಲ್ಲು’ ಆಗುತ್ತದೆ. ಆ ಚಕ್ರದ ಬೆರಗಿನಲ್ಲಿ ಬೆಟ್ಟಳ್ಳಿಯ ದೇವಯ್ಯನಂಥ ತರುಣನೂ ಸಿಕ್ಕಿಬೀಳುತ್ತಾನೆ. ಅವನನ್ನು ಸೆಳೆದದ್ದು ಸುವಾರ್ತೆಯೋ, ಬೀಸೆಕಲ್ಲೋ ಎಂದು ಬಿಡಿಸಿ ಹೇಳುವುದು ಅವನಿಗೇ ಕಷ್ಟ. ಹೊಸ ವಸ್ತುವಿನ ಮೋಹವೂ ಹೊಸ ವಿಚಾರದ ಬೆಳಕೂ ಒಂದೇ ವಾಹನದಲ್ಲಿ ಬಂದಾಗ ಮನುಷ್ಯನಿಗೆ ಆಗುವ ಗೊಂದಲವನ್ನು ಇದಕ್ಕಿಂತ ಚೆನ್ನಾಗಿ ಕಂಡವರು ಕನ್ನಡದಲ್ಲಿ ಕಡಿಮೆ. ಕುವೆಂಪು ಅವರು ಸ್ವತಃ ಮೈಸೂರಿನ ವೆಸ್ಲಿಯನ್ ಮಿಷನ್ ಶಾಲೆಯಲ್ಲಿ ಓದಿದವರು. ಮಿಷನ್ನಿನಿಂದ ಏನನ್ನು ತೆಗೆದುಕೊಳ್ಳಬೇಕು, ಏನನ್ನು ಬಿಡಬೇಕು ಎಂಬ ವಿವೇಕ ಅವರ ನಗೆಯ ಹಿಂದಿದೆ.

ಕಾಲ್ಚೆಂಡಿಗೂ ಚರ್ಚಿಗೂ ಇರುವ ನಂಟು ನಮ್ಮ ದೇಶದಲ್ಲಿ ಹುಟ್ಟಿದ್ದಲ್ಲ. ಗಟ್ಟಿಮೈಯ ಕ್ರೈಸ್ತಧರ್ಮವೆಂಬ ಮಾತು ಇಂಗ್ಲೆಂಡಿನಲ್ಲಿ ಬಳಕೆಗೆ ಬಂದದ್ದು 1857ರ ಸುಮಾರಿಗೆ. ಥಾಮಸ್ ಹ್ಯೂಸನ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ಕಾದಂಬರಿ ಹೊರಬಂದ ವರ್ಷವೂ ಅದೇ. ಇಂದು ಕೋಟಿಗಟ್ಟಲೆ ಹಣದಲ್ಲಿ ಹೊರಳುವ ಆಸ್ಟನ್ ವಿಲ್ಲಾ 1874ರಲ್ಲಿ ಒಂದು ವೆಸ್ಲಿಯನ್ ಪ್ರಾರ್ಥನಾಮಂದಿರದ ತರುಣರು ಕಟ್ಟಿದ ತಂಡ. ಗ್ಲಾಸ್ಗೋ ನಗರದ ಸೆಲ್ಟಿಕ್ ತಂಡವನ್ನು 1887ರಲ್ಲಿ ಬ್ರದರ್ ವಾಲ್ಫ್ರಿಡ್ ಎಂಬ ಸನ್ಯಾಸಿ ಹುಟ್ಟುಹಾಕಿದ್ದು, ಆ ಊರಿನ ಬಡ ಐರಿಷ್ ಮಕ್ಕಳ ಊಟದ ಖರ್ಚಿಗೆ ಹಣ ಕೂಡಿಸಲು. ಚೆಂಡಿನಿಂದ ಅನ್ನ, ಇದರಲ್ಲಿ ಯಾರಿಗೂ ತಕರಾರಿರಲಾರದು. ನಮ್ಮವರೇ ಆದ ವಿವೇಕಾನಂದರು 1897ರಲ್ಲಿ ಮದರಾಸಿನ ತರುಣರಿಗೆ, ಗೀತೆಯ ಅಧ್ಯಯನಕ್ಕಿಂತ ಕಾಲ್ಚೆಂಡಾಟವೇ ನಿಮ್ಮನ್ನು ಸ್ವರ್ಗದ ಸಮೀಪಕ್ಕೆ ಒಯ್ದೀತೆಂಬ ಅಭಿಪ್ರಾಯವನ್ನು ನುಡಿದರು. ಮೈ ಗಟ್ಟಿಯಾಗದೆ ಮನಸ್ಸು ಗಟ್ಟಿಯಾಗದು ಎಂಬ ವಿಷಯದಲ್ಲಿ ಪಾದ್ರಿಗೂ ಸನ್ಯಾಸಿಗೂ ಭೇದವಿರಲಿಲ್ಲ.

ಬೆಂಗಳೂರಿಗೆ ಈ ಆಟ ಬಂದದ್ದು ದಂಡಿನ ಸಿಪಾಯಿಗಳ ಬೂಟಿನೊಂದಿಗೆ. ಆದುದರಿಂದ ಅದು ಮೊದಲು ಬೇರುಬಿಟ್ಟದ್ದು ಊರಿನ ಮೂಡಣ ಭಾಗದಲ್ಲಿ, ಆಸ್ಟಿನ್ ಟೌನು, ಗೌತಮಪುರಗಳ ಕಡೆ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು, ಮರುವರ್ಷವೂ ಉಳಿಸಿಕೊಂಡಿತು. 1948 ಮತ್ತು 1952ರ ಒಲಿಂಪಿಕ್ಸಿನಲ್ಲಿ ಭಾರತಕ್ಕೆ ಆಡಿದ ಅಹಮದ್ ಖಾನ್ ಈ ಊರಿನವರು. ಮೈಸೂರು ಸಂಸ್ಥಾನದ ತಂಡ ಸಂತೋಷ್ ಟ್ರೋಫಿಯನ್ನು ಮೊದಲು ತಂದದ್ದು 1946-47ರಲ್ಲಿ. ಪಡುವಣ ಬೆಂಗಳೂರಿನದು ಬೇರೆಯ ಬಾಳು: ಗಿರಣಿಯ ಸಿಳ್ಳು, ಗರಡಿಮನೆ, ಕಬಡ್ಡಿ, ಲಗೋರಿ, ಆಮೇಲೆ ಕ್ರಿಕೆಟ್ಟು. ಹೀಗಿರುವಲ್ಲಿ ಒಂದು ಫುಟ್‌ಬಾಲು ಬಡವರ ಓಣಿಗೆ ಬಂತೆಂದರೆ ಅದನ್ನು ಯಾರೋ ಕೈಯಲ್ಲಿ ಹಿಡಿದು ತಂದಿರಬೇಕು. ತಂದವರ ಮುಖವನ್ನು ಮಕ್ಕಳು ಮರೆಯುವುದಿಲ್ಲ. ಶಕ್ತಿ ಇರುವುದೂ ಅಪಾಯ ಇರುವುದೂ ಅಲ್ಲಿಯೇ.

ಈ ಶಕ್ತಿಯನ್ನು ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದವರು ಇಟಲಿಯ ಟ್ಯೂರಿನ್ ನಗರದ ಡಾನ್ ಬೋಸ್ಕೋ (1815-1888). ಹುಡುಗನಾಗಿದ್ದಾಗ ದೊಂಬರಾಟ, ಕಣ್ಕಟ್ಟು ಕಲಿತು ಊರ ಮಕ್ಕಳನ್ನು ಕೂಡಿಸುತ್ತಿದ್ದರು. ಪಾದ್ರಿಯಾದ ಮೇಲೆ ಕೆಲಸ ಹುಡುಕಿ ನಗರಕ್ಕೆ ಬಂದ ಅನಾಥ ಹುಡುಗರಿಗೆ ಆಟದ ಅಂಗಳವನ್ನೇ ಶಾಲೆಯ ಹೆಬ್ಬಾಗಿಲು ಮಾಡಿದರು. ಅವರ ಪದ್ಧತಿಯಲ್ಲಿ ದಂಡನೆಗಿಂತ ಮುಂಜಾಗ್ರತೆ ಮುಖ್ಯ. ವಿವೇಕ, ಧರ್ಮ, ಅಕ್ಕರೆ ಅದರ ಮೂರು ಕಂಬಗಳು.

1884ರ ಮೇ 10ರಂದು ಅವರು ರೋಮಿನಿಂದ ತಮ್ಮವರಿಗೆ ಬರೆದ ಒಂದು ಪತ್ರವಿದೆ. ಆಟದ ಬಯಲನ್ನು ಕುರಿತು ಇದಕ್ಕಿಂತ ಆಳವಾದ ಬರಹವನ್ನು ನಾನು ಓದಿಲ್ಲ. ಅದು ಕನಸಿನ ರೂಪದಲ್ಲಿದೆ. ಮೊದಲು ಕಾಣುವುದು ಹಿಂದಿನ ಕಾಲದ ಅಂಗಳ: ಮಕ್ಕಳು ಓಡುತ್ತಿದ್ದಾರೆ, ಕುಣಿಯುತ್ತಿದ್ದಾರೆ, ಗುರುಗಳು ಅವರ ನಡುವೆಯೇ ಇದ್ದಾರೆ. ಆಮೇಲೆ ಕಾಣುವುದು ಇಂದಿನ ಅಂಗಳ: ಮಕ್ಕಳು ಮಂಕಾಗಿ ಗೋಡೆಗೆ ಒರಗಿದ್ದಾರೆ, ಗುರುಗಳು ತಮ್ಮತಮ್ಮಲ್ಲೇ ಮಾತನಾಡುತ್ತಾ ಅಂಚಿನಲ್ಲಿ ನಡೆದಾಡುತ್ತಿದ್ದಾರೆ. ಇವರಿಗೆ ಮಕ್ಕಳ ಮೇಲೆ ಪ್ರೀತಿ ಇಲ್ಲವೆಂದಲ್ಲ; ಪ್ರೀತಿಸಲ್ಪಡುತ್ತಿದ್ದೇವೆಂಬುದು ಮಕ್ಕಳ ಅರಿವಿಗೆ ಬರುತ್ತಿಲ್ಲ, ಅದೇ ಕೊರತೆ ಎಂಬುದು ಪತ್ರದ ತಿರುಳು.

ಬಿಸ್ಕೋ ಅವರ ಗ್ರಂಥದ ಪಕ್ಕದಲ್ಲಿ ಈ ಪತ್ರವನ್ನಿಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಬೆತ್ತ ಹಿಡಿದು ಗೆರೆಯ ಹೊರಗೆ ನಿಂತ ಉಪಾಧ್ಯಾಯ; ಇಲ್ಲಿ ಧೂಳಿನಲ್ಲಿ ಹುಡುಗರೊಡನೆ ಓಡುವ ಗುರು. ಅಲ್ಲಿ ಸೋತವನು ಹುಡುಗ. ಇಲ್ಲಿ ತಪ್ಪು ಒಪ್ಪಿಕೊಳ್ಳಬೇಕಾದವನು ಗುರು. ಬಿಸ್ಕೋ ಬರೆದದ್ದು ವಿಜಯದ ಕಥೆ, ಬೋಸ್ಕೋ ಬರೆದದ್ದು ಆತ್ಮಪರೀಕ್ಷೆ. ಸಾಹಿತ್ಯದ ದೃಷ್ಟಿಯಿಂದಲೂ ಎರಡನೆಯದೇ ಮೇಲು.

ಆದರೂ ಒಂದು ಮಾತನ್ನು ಮರೆಮಾಚಲಾಗದು. ಬೋಸ್ಕೋ ಅವರ ಮೂರು ಕಂಬಗಳಲ್ಲಿ ಒಂದು ಧರ್ಮ. ಅವರ ಮಟ್ಟಿಗೆ ಅದು ಕ್ರೈಸ್ತಧರ್ಮವೇ. ಟ್ಯೂರಿನ್ನಿನ ಹುಡುಗರು ಕ್ರೈಸ್ತರೇ ಆಗಿದ್ದುದರಿಂದ ಅಲ್ಲಿ ತೊಡಕಿರಲಿಲ್ಲ. ಅವರ ಸಲೇಶಿಯನ್ ಸಭೆಯವರು 1906ರಲ್ಲಿ ತಂಜಾವೂರಿಗೆ ಬಂದಿಳಿದಾಗ, ಮನೆಯಲ್ಲಿ ಮಾರಮ್ಮನನ್ನೋ ಮುರುಗನನ್ನೋ ಪೂಜಿಸುವ ಹುಡುಗನ ಮುಂದೆ ಆ ಕಂಬವನ್ನು ಹೇಗೆ ನಿಲ್ಲಿಸುವುದೆಂಬ ಪ್ರಶ್ನೆ ಎದ್ದೇ ಇರಬೇಕು. ಪುಸ್ತಕದಲ್ಲಿ ಇದಕ್ಕೆ ಉತ್ತರ ಸಿಗದು, ಕೆಲಸದಲ್ಲಿ ಹುಡುಕಬೇಕು.

ನಮ್ಮ ಊರಿನಲ್ಲೇ ಒಂದು ಉದಾಹರಣೆಯಿದೆ. 1980ರಲ್ಲಿ ಬೆಂಗಳೂರಿನ ಕ್ರಿಸ್ತುಜ್ಯೋತಿ ಕಾಲೇಜಿನ ಸಲೇಶಿಯನ್ ವಿದ್ಯಾರ್ಥಿಗಳು ಬೀದಿಯಲ್ಲಿ ಬದುಕುವ ಮಕ್ಕಳ ಬಳಿಗೆ ಹೋಗತೊಡಗಿದರು. ಮಕ್ಕಳನ್ನು ತಮ್ಮ ಬಳಿಗೆ ಕರೆಯಲಿಲ್ಲ, ತಾವೇ ಮಕ್ಕಳಿದ್ದಲ್ಲಿಗೆ ಹೋದರು ಎಂಬುದು ಗಮನಾರ್ಹ. ಅದರಿಂದ ಬೆಳೆದ ಸಂಸ್ಥೆಯ ಹೆಸರು ‘ಬೆಂಗಳೂರು ಓಣಿಯವರ ಸೇವಾ ಕೂಟ’. ಇಂಗ್ಲಿಷಿನಲ್ಲಿ ಮೊದಲಕ್ಷರಗಳನ್ನು ಜೋಡಿಸಿದರೆ ‘ಬೋಸ್ಕೋ’ ಎಂದಾಗುತ್ತದೆ. ಗುರುವಿನ ಹೆಸರನ್ನು ಹೀಗೆ ಕನ್ನಡದ ಒಡಲಲ್ಲಿ ಅಡಗಿಸಿದ ಜಾಣ್ಮೆಗೆ ಭಾಷಾಪ್ರೇಮಿಗಳು ತಲೆದೂಗಬೇಕು. ಅದಕ್ಕಿಂತಲೂ ನನಗೆ ಇಷ್ಟವಾದದ್ದು ‘ಓಣಿಯವರು’ ಎಂಬ ಮಾತು. ಅನಾಥರು, ದಿಕ್ಕಿಲ್ಲದವರು, ಪೋಲಿಗಳು ಎಂಬ ಹೆಸರುಗಳಿಂದ ಕರೆಯಿಸಿಕೊಂಡ ಮಕ್ಕಳಿಗೆ ಇಲ್ಲಿ ಒಂದು ವಿಳಾಸ ಸಿಕ್ಕಿತು. ಓಣಿಯೂ ಒಂದು ಊರು, ಅಲ್ಲಿಯವರೂ ‘ಅವರು’. ಬಹುವಚನದ ಈ ಮರ್ಯಾದೆ ಚೆಂಡಿಗಿಂತ ಕಡಿಮೆಯ ಕೊಡುಗೆಯಲ್ಲ.

ಗಾಂಧೀಜಿಯವರು ಮಿಷನರಿಗಳಿಗೆ ಮತ್ತೆ ಮತ್ತೆ ಹೇಳುತ್ತಿದ್ದ ಮಾತಿನ ಅರ್ಥ ಇಷ್ಟು: ನಿಮ್ಮ ಆಸ್ಪತ್ರೆಯೂ ಶಾಲೆಯೂ ಬೇಕು, ಆದರೆ ಅದರ ಹಿಂದೆ ಮತಾಂತರದ ಉದ್ದೇಶ ಬೇಡ. ನಮ್ಮ ಸಂವಿಧಾನದ 28ನೆಯ ವಿಧಿ ಇದೇ ವಿವೇಕವನ್ನು ಕಾನೂನಿನ ಭಾಷೆಯಲ್ಲಿ ಹೇಳಿದೆ: ಸರಕಾರದ ಮಾನ್ಯತೆ ಅಥವಾ ನೆರವು ಪಡೆದ ವಿದ್ಯಾಸಂಸ್ಥೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ, ಮಕ್ಕಳಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಮತಬೋಧೆಗೆ ಕೂರಿಸುವಂತಿಲ್ಲ. ಈ ವಿಧಿ ಶಾಲೆಯನ್ನು ಕುರಿತದ್ದು, ಮೈದಾನವನ್ನಲ್ಲ. ಆದರೂ ಮೈದಾನಕ್ಕೆ ಅದಕ್ಕಿಂತ ಒಳ್ಳೆಯ ನಿಯಮ ಯಾವುದಿದೆ? ಚೆಂಡು ಕೊಡುವವನಿಗೆ ತನ್ನ ದೇವರಿರಲಿ. ಆ ದೇವರ ಪ್ರೇರಣೆಯಿಂದಲೇ ಅವನು ಬಿಸಿಲಿನಲ್ಲಿ ನಿಂತಿರಲಿ. ಆದರೆ ಪ್ರಾರ್ಥನೆಗೆ ಬಾರದ ಹುಡುಗನಿಗೂ ನಾಳೆ ತಂಡದಲ್ಲಿ ಜಾಗವಿದೆಯೆ? ಅವನ ತಾಯಿಗೆ ಎಲ್ಲವೂ ತಿಳಿದಿದೆಯೆ? ಹಣೆಯ ಕುಂಕುಮ ಅಳಿಸದೆ ಅವನು ಗೋಲು ಹೊಡೆಯಬಹುದೆ? ಈ ಮೂರಕ್ಕೂ ಹೌದೆಂಬ ಉತ್ತರ ಬಂದರೆ ದಕ್ಷಿಣೆಯ ಶಂಕೆ ಬೇಡ. ಒಂದಕ್ಕೆ ಇಲ್ಲವೆಂದಾದರೂ ಆ ಚೆಂಡು ಬಾವಿಯಲ್ಲಿಯೇ ಇದ್ದರೆ ಲೇಸು.

ಇನ್ನುಳಿದದ್ದು ಎರಡನೆಯ ಪ್ರಶ್ನೆ: ಹೊರಗೆ ನಿಂತ ಹುಡುಗ ಯಾರು? ಇದಕ್ಕೆ ಉತ್ತರ ಹೇಳಬೇಕಾದವರು ಪಾದ್ರಿಗಳಲ್ಲ, ಈ ಪತ್ರಿಕೆಯನ್ನು ಭಾನುವಾರ ಬೆಳಗ್ಗೆ ಕಾಫಿಯೊಡನೆ ಓದುವ ನಾವು. ನಮ್ಮ ಬಡಾವಣೆಗಳ ಉದ್ಯಾನಗಳನ್ನು ನೋಡಿ. ಸುತ್ತ ಕಬ್ಬಿಣದ ಬೇಲಿ, ನಡೆದಾಡಲು ಕಲ್ಲುಹಾಸಿನ ದಾರಿ, ಬಾಗಿಲಲ್ಲಿ ‘ಚೆಂಡಾಟ ನಿಷೇಧ’ ಎಂಬ ಫಲಕ. ನಮ್ಮ ಮಂಡಿನೋವಿಗೆ ಅಲ್ಲಿ ಜಾಗವಿದೆ. ಓಣಿಯ ಹುಡುಗನ ಕಾಲಿಗೆ ಇಲ್ಲ. ಬಡಾವಣೆಯ ಮೈದಾನ ಮದುವೆಗೂ ವಸ್ತುಪ್ರದರ್ಶನಕ್ಕೂ ಬಾಡಿಗೆಗೆ ಹೋಗುತ್ತದೆ. ಹೀಗೆ ಚೆಂಡನ್ನು ಬಾವಿಗೆ ಹಾಕಿದವರು ನಾವು. ಅದನ್ನು ಎತ್ತಿಕೊಟ್ಟವನ ಜಾತಿ, ಮತ, ಉದ್ದೇಶಗಳನ್ನು ವಿಚಾರಿಸಲು ಕಟ್ಟೆಯ ಬಳಿಗೆ ಓಡಿಬರುವವರೂ ನಾವೇ.

ವಿಚಾರಿಸಬೇಕು, ನಿಜ. ಮಕ್ಕಳ ವಿಷಯದಲ್ಲಿ ಯಾರನ್ನೂ ಕಣ್ಣುಮುಚ್ಚಿ ನಂಬಬಾರದು, ಪಾದ್ರಿಯನ್ನಾಗಲಿ ಸ್ವಾಮಿಯನ್ನಾಗಲಿ. ಆದರೆ ವಿಚಾರಿಸುವ ಅಧಿಕಾರ ಸುಮ್ಮನೆ ಬರುವುದಿಲ್ಲ. ಉದ್ಯಾನದ ಒಂದು ಮೂಲೆಯನ್ನು ಸಂಜೆ ಎರಡು ಗಂಟೆ ಓಣಿಯ ಮಕ್ಕಳಿಗೆ ಬಿಟ್ಟುಕೊಟ್ಟ ಬಡಾವಣೆಗೆ ಅದು ಬಂದೀತು. ರಜೆಯ ದಿನ ಧೂಳಿಗಿಳಿದು ಆ ಮಕ್ಕಳೊಡನೆ ಓಡಿದ ಮೇಷ್ಟ್ರಿಗೆ, ಗುಮಾಸ್ತನಿಗೆ, ಎಂಜಿನಿಯರಿಗೆ ಅದು ಬಂದೀತು. ಡಾನ್ ಬೋಸ್ಕೋ ಕನಸಿನಲ್ಲಿ ಕಂಡ ಎರಡನೆಯ ಅಂಗಳದ ಗುರುಗಳಂತೆ ನಾವು ಅಂಚಿನಲ್ಲೇ ನಡೆದಾಡುತ್ತಾ, ನಮ್ಮನಮ್ಮಲ್ಲೇ ಮಾತನಾಡಿಕೊಳ್ಳುತ್ತಿದ್ದೇವೆ.

ದ್ರೋಣರು ಬರುವುದಕ್ಕೆ ಮುನ್ನ ಹಸ್ತಿನಾವತಿಯಲ್ಲಿ ಹಿರಿಯರಿಗೇನೂ ಕೊರತೆಯಿರಲಿಲ್ಲ. ಆದರೆ ಚೆಂಡು ಬಾವಿಗೆ ಬಿದ್ದ ಹೊತ್ತಿನಲ್ಲಿ ಅವರಲ್ಲಿ ಒಬ್ಬರೂ ಆ ಮಕ್ಕಳ ಬಳಿ ಇರಲಿಲ್ಲ.